ಲಾಂಗ್‌ಟಾಂಗ್ ಕಣಿವೆ ಚಾರಣ

ಲಾಂಗ್‌ಟಾಂಗ್ ಕಣಿವೆ ಚಾರಣವು ನೇಪಾಳದ ರಸುವಾ ಜಿಲ್ಲೆಯಲ್ಲಿ, ಕಠ್ಮಂಡುವಿನ ಉತ್ತರಕ್ಕೆ, ಟಿಬೆಟ್ ಗಡಿಯ ಸಮೀಪದಲ್ಲಿ ಸಾಗುವ ಹಿಮಾಲಯದ ಕಾಲ್ನಡಿಗೆಯ ಮಾರ್ಗ. ಸ್ಯಾಬ್ರುಬೇಸಿ ಎಂಬ ಊರಿನಿಂದ ಹೊರಟು ಲಾಂಗ್‌ಟಾಂಗ್ ಖೋಲಾ ನದಿಯ ದಂಡೆಯನ್ನು ಹಿಡಿದು 3,870 ಮೀಟರ್ ಎತ್ತರದಲ್ಲಿರುವ ಕ್ಯಾಂಜಿನ್ ಗೊಂಪಾವರೆಗೆ ಏರುವ ಈ ದಾರಿಯು ಎವರೆಸ್ಟ್ ಹಾಗೂ ಅನ್ನಪೂರ್ಣ ಪ್ರದೇಶಗಳ ತರುವಾಯ ನೇಪಾಳದಲ್ಲಿ ಹೆಚ್ಚು ಜನ ನಡೆಯುವ ಮಾರ್ಗಗಳಲ್ಲಿ ಒಂದು. ವಿಮಾನದ ಹಂಗಿಲ್ಲದೆ ಬಸ್ಸಿನಲ್ಲಿಯೇ ತಲುಪಬಹುದಾದುದರಿಂದಲೂ ಭಾರತೀಯರಿಗೆ ವೀಸಾ ಬೇಕಿಲ್ಲವಾದುದರಿಂದಲೂ, ಪರದೇಶದಲ್ಲಿ ಮಿತವ್ಯಯದ ಹಿಮಾಲಯ ಚಾರಣವನ್ನು ಬಯಸುವ ಭಾರತೀಯರಿಗೆ ಇದು ಬಹಳ ಮಟ್ಟಿಗೆ ಹೊಂದುವ ಮಾರ್ಗವಾಗಿದೆ.

ಹೆಸರು, ಜನ ಮತ್ತು ಪರಿಸರ

ತಪ್ಪಿಸಿಕೊಂಡ ಎತ್ತೊಂದನ್ನು ಹುಡುಕುತ್ತ ಅದರ ಹೆಜ್ಜೆಯ ಜಾಡು ಹಿಡಿದು ಬಂದ ದನಗಾಹಿಯೊಬ್ಬನು ಈ ಕಣಿವೆಯನ್ನು ಕಂಡನೆಂದು ಸ್ಥಳೀಯ ಐತಿಹ್ಯ ಹೇಳುತ್ತದೆ. ಟಿಬೆಟನ್ ಭಾಷೆಯಲ್ಲಿ ‘ಲಾಂಗ್’ ಎಂದರೆ ಎತ್ತು. ‘ಟಾಂಗ್’ ಎಂಬುದಕ್ಕೆ ಹಿಂಬಾಲಿಸು ಎಂಬ ಅರ್ಥವನ್ನು ಜನರು ಹೇಳುತ್ತಾರೆ. ಕಣಿವೆಯ ಕೆಳಭಾಗದಲ್ಲಿ ತಾಮಾಂಗ್ ಜನರೂ ಮೇಲ್ಭಾಗದಲ್ಲಿ ಟಿಬೆಟ್ ಮೂಲದ ಲಾಂಗ್‌ಟಾಂಗ್‌ಪಾ ಜನರೂ ನೆಲೆಸಿದ್ದಾರೆ. ಇಬ್ಬರೂ ಬೌದ್ಧರು. ಯಾಕ್ ಸಾಕಣೆ, ಆಲೂಗಡ್ಡೆ ಮತ್ತು ಬಾರ್ಲಿಯ ಬೇಸಾಯ ಇವರ ಹಳೆಯ ಕಸುಬುಗಳು. ಈಗ ಚಾರಣಿಗರಿಗೆ ಊಟ ವಸತಿ ಒದಗಿಸುವುದೇ ಮುಖ್ಯ ಆದಾಯ.

ಇಂಗ್ಲೆಂಡಿನ ಪರ್ವತಾರೋಹಿ ಎಚ್. ಡಬ್ಲ್ಯೂ. ಟಿಲ್ಮನ್ 1949ರಲ್ಲಿ ಇಲ್ಲಿಗೆ ಬಂದ ಮೇಲೆ ಹೊರಜಗತ್ತಿಗೆ ಕಣಿವೆಯ ಪರಿಚಯವಾಯಿತು. 1950ರ ದಶಕದಲ್ಲಿ ಸ್ವಿಟ್ಸರ್ಲೆಂಡಿನ ನೆರವಿನಿಂದ ಕ್ಯಾಂಜಿನ್‌ನಲ್ಲಿ ಗಿಣ್ಣು (ಚೀಸ್) ತಯಾರಿಕೆಯ ಕೇಂದ್ರ ಆರಂಭಗೊಂಡಿತು. ಯಾಕ್ ಎಂಬುದು ಗಂಡಿನ ಹೆಸರು, ಹೆಣ್ಣನ್ನು ನಾಕ್ ಎನ್ನುತ್ತಾರೆ. ಆದ್ದರಿಂದ ‘ಯಾಕ್ ಚೀಸ್’ ಎಂದು ಮಾರಾಟವಾಗುವುದು ವಾಸ್ತವದಲ್ಲಿ ನಾಕ್‌ನ ಹಾಲಿನದು. 1976ರಲ್ಲಿ ಸ್ಥಾಪನೆಯಾದ ಲಾಂಗ್‌ಟಾಂಗ್ ರಾಷ್ಟ್ರೀಯ ಉದ್ಯಾನವು 1,710 ಚದರ ಕಿಲೋಮೀಟರ್ ವಿಸ್ತಾರವಾಗಿದ್ದು, ಇಡೀ ಮಾರ್ಗ ಅದರೊಳಗೇ ಇದೆ. ಕೆಂಪು ಪಾಂಡಾ, ಹಿಮಾಲಯದ ಥಾರ್, ಲಂಗೂರ್ ಕೋತಿಗಳು ಇಲ್ಲಿನ ಪ್ರಾಣಿಗಳು. ಕೆಂಪು ಪಾಂಡಾ ಕಂಡೀತೆಂದು ನಂಬಿ ಹೋಗುವವರು ಸಾಮಾನ್ಯವಾಗಿ ಲಂಗೂರ್‌ಗಳನ್ನು ನೋಡಿ ಬರುತ್ತಾರೆ. ಮಾರ್ಚ್ ಏಪ್ರಿಲ್ ತಿಂಗಳಲ್ಲಿ ನೇಪಾಳದ ರಾಷ್ಟ್ರೀಯ ಪುಷ್ಪವಾದ ಲಾಲಿ ಗುರಾಸ್ ಕಾಡಿನ ತುಂಬ ಅರಳುತ್ತದೆ.

2015ರ ದುರಂತ

2015ರ ಏಪ್ರಿಲ್ 25ರಂದು ಮಧ್ಯಾಹ್ನಕ್ಕೆ ಕೆಲವೇ ನಿಮಿಷಗಳಿರುವಾಗ 7.8 ತೀವ್ರತೆಯ ಭೂಕಂಪವು ನೇಪಾಳವನ್ನು ನಡುಗಿಸಿತು. ಲಾಂಗ್‌ಟಾಂಗ್ ಲಿರುಂಗ್ ಶಿಖರದ ಇಳಿಜಾರಿನಿಂದ ಮಂಜು, ಹಿಮಗಡ್ಡೆ ಮತ್ತು ಬಂಡೆಗಳ ರಾಶಿ ಕುಸಿದು, ಅದರ ಬುಡದಲ್ಲಿದ್ದ ಲಾಂಗ್‌ಟಾಂಗ್ ಗ್ರಾಮವು ಸಂಪೂರ್ಣವಾಗಿ ಹೂತುಹೋಯಿತು. ಗ್ರಾಮಸ್ಥರು, ನೇಪಾಳದ ಇತರ ಕೆಲಸಗಾರರು ಹಾಗೂ ವಿದೇಶೀ ಚಾರಣಿಗರು ಸೇರಿ ಸುಮಾರು ಮುನ್ನೂರು ಮಂದಿ ಮಡಿದರು. ಕುಸಿತದ ಜೊತೆಗೆ ಎದ್ದ ಗಾಳಿಯ ರಭಸಕ್ಕೆ ನದಿಯ ಎದುರು ದಡದ ಮರಗಳೂ ನೆಲಕ್ಕೊರಗಿದವು. ಬಂಡೆಯ ಚಾಚಿನ ಅಡಿಯಲ್ಲಿದ್ದ ಒಂದೇ ಒಂದು ಮನೆ ನಿಂತು ಉಳಿಯಿತು.

ಬದುಕುಳಿದವರು ಕಠ್ಮಂಡುವಿನ ನಿರಾಶ್ರಿತರ ಶಿಬಿರದಲ್ಲಿ ತಿಂಗಳುಗಟ್ಟಲೆ ಇದ್ದು ಬಳಿಕ ಹಿಂತಿರುಗಿ, ಹಳೆಯ ಊರಿಗೆ ಸ್ವಲ್ಪ ದೂರದಲ್ಲಿ ಹೊಸ ಗ್ರಾಮವನ್ನು ಕಟ್ಟಿಕೊಂಡರು. ಇಂದು ದಾರಿಯು ಹೂತುಹೋದ ಊರಿನ ಮೇಲಿನ ಕಲ್ಲುರಾಶಿಯನ್ನು ದಾಟಿಯೇ ಸಾಗುತ್ತದೆ. ಮೃತರ ಸ್ಮರಣೆಗೆ ಅಲ್ಲಿ ಸ್ಮಾರಕವಿದೆ. ಇದು ಪ್ರೇಕ್ಷಣೀಯ ಸ್ಥಳವಲ್ಲ, ಅಲ್ಲಿನ ವಸತಿಗೃಹ ನಡೆಸುವವರ ಮನೆಯವರು ಮಲಗಿರುವ ನೆಲ ಎಂಬುದು ಚಾರಣಿಗರಿಗೆ ತಿಳಿದಿರಬೇಕು. ಕಣಿವೆಯ ಜನರು ಮತ್ತೆ ಬದುಕು ಕಟ್ಟಿಕೊಂಡದ್ದು ಬಹುಪಾಲು ವಸತಿಗೃಹಗಳ ಆದಾಯದಿಂದ. ಆದುದರಿಂದ ಇಲ್ಲಿ ‘ಅಗ್ಗದ ಪ್ರವಾಸ’ ಎಂಬುದಕ್ಕೆ ಒಂದು ಮಿತಿಯಿದೆ. ಕೋಣೆಯ ನೂರು ರೂಪಾಯಿಗಾಗಿ ಚೌಕಾಸಿ ಮಾಡುವುದು ಸಲ್ಲದು.

ಇತರ ಮಾರ್ಗಗಳೊಡನೆ ಹೋಲಿಕೆ

ಭಾರತದ ಹೊರಗೆ ಹಿಮಾಲಯದ ಚಾರಣವೆಂದರೆ ಭಾರತೀಯರಿಗೆ ವಾಸ್ತವವಾಗಿ ನೇಪಾಳ ಮತ್ತು ಭೂತಾನ್ ಮಾತ್ರ ಸುಲಭವಾಗಿ ದಕ್ಕುತ್ತವೆ. ಭೂತಾನ್ ಭಾರತೀಯರಿಂದ ಪ್ರತಿ ರಾತ್ರಿಗೆ 1,200 ಗುಲ್ಟ್ರಮ್ (ಅಷ್ಟೇ ಮೊತ್ತದ ಭಾರತೀಯ ರೂಪಾಯಿ) ಸುಸ್ಥಿರ ಅಭಿವೃದ್ಧಿ ಶುಲ್ಕವನ್ನು ವಸೂಲು ಮಾಡುತ್ತದೆ. ಅಲ್ಲಿಯ ಚಾರಣಗಳಲ್ಲಿ ಡೇರೆ, ಅಡುಗೆಯವರು, ಹೊರೆ ಹೊರುವ ಕುದುರೆಗಳು ಎಲ್ಲವನ್ನೂ ಜೊತೆಗೆ ಒಯ್ಯಬೇಕಾಗುವುದರಿಂದ ಖರ್ಚು ಬೆಳೆಯುತ್ತದೆ. ನೇಪಾಳದ ಪ್ರಸಿದ್ಧ ಮಾರ್ಗಗಳಲ್ಲಿ ಕೆಲವು ಗಂಟೆಗಳ ನಡಿಗೆಗೊಂದರಂತೆ ವಸತಿಗೃಹಗಳಿವೆ. ಡೇರೆ ಹೊರುವ ಅಗತ್ಯವೇ ಇಲ್ಲ. ಮಿತವ್ಯಯದ ಗುಟ್ಟು ಇರುವುದು ಇಲ್ಲಿಯೇ.

ಎವರೆಸ್ಟ್ ತಳಶಿಬಿರದ ಚಾರಣಕ್ಕೆ ಬಹುತೇಕರು ಲುಕ್ಲಾಕ್ಕೆ ವಿಮಾನದಲ್ಲಿ ಹೋಗುತ್ತಾರೆ. ಆ ವಿಮಾನದ ದರ ಒಂದು ಹೊರೆಯಾದರೆ, ಹವೆ ಕೆಟ್ಟು ವಿಮಾನಗಳು ನಿಂತಾಗ ಕಾಯುವ ದಿನಗಳು ಇನ್ನೊಂದು ಹೊರೆ. ಜೀಪಿನಲ್ಲಿ ಹೋಗಿ ಕೆಳಗಿನಿಂದ ನಡೆಯಬಹುದು, ಆದರೆ ದಿನಗಳು ಹೆಚ್ಚುತ್ತವೆ. ಅನ್ನಪೂರ್ಣ ತಳಶಿಬಿರದ ದಾರಿ ಪೋಖರಾದಿಂದ ಹತ್ತಿರವಾಗಿದ್ದು ಖರ್ಚಿನ ದೃಷ್ಟಿಯಿಂದ ಲಾಂಗ್‌ಟಾಂಗ್‌ಗೆ ಸಮನಾಗಿ ನಿಲ್ಲುತ್ತದೆ. ಆದರೆ ಋತುಕಾಲದಲ್ಲಿ ಅಲ್ಲಿ ಜನಸಂದಣಿ ಬಹಳ. ಕೊಠಡಿ ಸಿಗದೆ ಊಟದ ಮನೆಯ ಬೆಂಚಿನ ಮೇಲೆ ಮಲಗಬೇಕಾದೀತು.

ಪ್ರವೇಶದ ದಾಖಲೆಗಳು

1950ರ ಭಾರತ–ನೇಪಾಳ ಶಾಂತಿ ಮತ್ತು ಮೈತ್ರಿ ಒಪ್ಪಂದದ ಫಲವಾಗಿ ಭಾರತದ ನಾಗರಿಕರಿಗೆ ನೇಪಾಳಕ್ಕೆ ವೀಸಾ ಬೇಕಿಲ್ಲ. ಆದರೆ ಗುರುತಿನ ದಾಖಲೆ ಬೇಕು. ವಿಮಾನದಲ್ಲಿ ಹೋಗುವವರು ಪಾಸ್‌ಪೋರ್ಟ್ ಅಥವಾ ಭಾರತದ ಚುನಾವಣಾ ಆಯೋಗ ನೀಡಿದ ಮತದಾರರ ಗುರುತಿನ ಚೀಟಿಯನ್ನು ತೋರಿಸಬೇಕು. ಆಧಾರ್ ಎಲ್ಲೆಡೆ ಸಲ್ಲುತ್ತದೆಂಬ ಭಾವನೆಯಿಂದ ಅದೊಂದನ್ನೇ ಹಿಡಿದು ಹೋದವರನ್ನು ವಿಮಾನ ಹತ್ತಗೊಡುವುದಿಲ್ಲ. 15 ವರ್ಷಕ್ಕಿಂತ ಕಿರಿಯರು ಮತ್ತು 65 ವರ್ಷ ಮೀರಿದವರಿಗೆ ಮಾತ್ರ ವಿನಾಯಿತಿಯಿದ್ದು, ಅವರು ವಯಸ್ಸನ್ನೂ ಗುರುತನ್ನೂ ದೃಢಪಡಿಸುವ ಭಾವಚಿತ್ರ ಸಹಿತ ದಾಖಲೆಯಾಗಿ ಆಧಾರ್, ಪ್ಯಾನ್ ಕಾರ್ಡ್ ಮುಂತಾದವನ್ನು ಬಳಸಬಹುದು. 15ರಿಂದ 18ರ ನಡುವಿನ ವಿದ್ಯಾರ್ಥಿಗಳು ಶಾಲೆಯ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ನೀಡಿದ ಗುರುತಿನ ಪ್ರಮಾಣಪತ್ರವನ್ನು ಒಯ್ಯಬಹುದು.

ರಸ್ತೆಯ ಗಡಿಯಲ್ಲಿ ತಪಾಸಣೆ ಸಡಿಲ. ಹಾಗೆಂದು ದಾಖಲೆಯಿಲ್ಲದೆ ಹೋಗಬಾರದು. ಮುಂದೆ ಪರವಾನಗಿಗೆ, ಮೊಬೈಲ್ ಸಿಮ್‌ಗೆ, ವಸತಿಗೃಹದ ದಾಖಲೆ ಪುಸ್ತಕಕ್ಕೆ ಅದು ಬೇಕಾಗುತ್ತದೆ. ನಾಲ್ಕಾರು ಭಾವಚಿತ್ರಗಳನ್ನೂ ದಾಖಲೆಯ ನೆರಳಚ್ಚು ಪ್ರತಿಗಳನ್ನೂ ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು.

ಕರ್ನಾಟಕದಿಂದ ಕಠ್ಮಂಡುವಿಗೆ

ವಿಮಾನದಲ್ಲಿ ದೆಹಲಿಯ ಮೂಲಕ ಹೋಗುವುದು ರೂಢಿ. ಮುಂಗಡವಾಗಿ ಕಾದಿರಿಸಿದರೆ ದರ ಕಡಿಮೆ. ಸಮಯವಿದ್ದು ಹಣ ಕಡಿಮೆಯಿರುವವರಿಗೆ ರೈಲು ಮತ್ತು ಬಸ್ಸಿನ ದಾರಿಗಳು ಎರಡಿವೆ. ಮೊದಲನೆಯದು, ಬೆಂಗಳೂರಿನಿಂದ ಸಂಘಮಿತ್ರ ಎಕ್ಸ್‌ಪ್ರೆಸ್‌ನಲ್ಲಿ ಪಟ್ನಾ ಬಳಿಯ ದಾನಾಪುರಕ್ಕೆ, ಅಲ್ಲಿಂದ ರಕ್ಸೌಲ್‌ಗೆ, ಗಡಿ ದಾಟಿ ಬೀರ್‌ಗಂಜ್‌ನಿಂದ ಕಠ್ಮಂಡುವಿಗೆ. ಎರಡನೆಯದು, ಯಶವಂತಪುರದಿಂದ ಗೋರಖಪುರಕ್ಕೆ ರೈಲು, ಸುನೌಲಿಯಲ್ಲಿ ಗಡಿ ದಾಟಿ ಭೈರಹವಾದಿಂದ ಬಸ್ಸು. ಎರಡರಲ್ಲೂ ಮನೆ ಬಿಟ್ಟ ಮೇಲೆ ಮೂರು ನಾಲ್ಕು ದಿನ ಕಳೆಯುತ್ತದೆ. ದೆಹಲಿಯಿಂದ ಕಠ್ಮಂಡುವಿಗೆ 2014ರ ನವೆಂಬರ್‌ನಿಂದ ನೇರ ಬಸ್ ಸಂಚಾರವೂ ಇದೆ. ರೈಲಿನಲ್ಲಿ ಎರಡು ದಿನ ಕುಳಿತು, ಗುಂಡಿಬಿದ್ದ ಬೆಟ್ಟದ ರಸ್ತೆಯಲ್ಲಿ ರಾತ್ರಿಯೆಲ್ಲ ಎಚ್ಚರವಿದ್ದು ಬಂದವರು ಮರುದಿನವೇ ಚಾರಣಕ್ಕೆ ಹೊರಡುವುದು ವಿವೇಕವಲ್ಲ. ಕಠ್ಮಂಡುವಿನಲ್ಲಿ ಒಂದು ದಿನವಾದರೂ ವಿಶ್ರಾಂತಿ ಬೇಕು. ಪರವಾನಗಿಯ ಕೆಲಸಕ್ಕೂ ಆ ದಿನ ಒದಗುತ್ತದೆ.

ನೇಪಾಳದ ಗಡಿಯಾರ ಭಾರತಕ್ಕಿಂತ 15 ನಿಮಿಷ ಮುಂದೆ. ವಾರದ ರಜೆ ಶನಿವಾರ. ಬಸ್ಸಿನ ಚೀಟಿಗಳಲ್ಲಿ ಕೆಲವೊಮ್ಮೆ ವಿಕ್ರಮ ಸಂವತ್ಸರದ ದಿನಾಂಕ ಬರೆದಿರುತ್ತಾರೆ. ಅದು ಕ್ರಿಸ್ತಶಕಕ್ಕಿಂತ ಸುಮಾರು 57 ವರ್ಷ ಮುಂದಿದ್ದು, ತಿಂಗಳುಗಳೂ ಬೇರೆ. ಚೀಟಿ ಕೊಳ್ಳುವಾಗಲೇ ಯಾವ ವಾರ ಎಂದು ಬಾಯಿಬಿಟ್ಟು ಕೇಳಿಕೊಳ್ಳುವುದು ಸುರಕ್ಷಿತ.

ಹಣ

1993ರಿಂದ ಒಂದು ಭಾರತೀಯ ರೂಪಾಯಿಗೆ 1.60 ನೇಪಾಳಿ ರೂಪಾಯಿ ಎಂಬ ವಿನಿಮಯ ದರ ಸ್ಥಿರವಾಗಿದೆ. ದರ ಹೇಳುವವರು ಐಸಿ ಎಂದರೆ ಭಾರತೀಯ ರೂಪಾಯಿ, ಎನ್‌ಸಿ ಎಂದರೆ ನೇಪಾಳಿ ರೂಪಾಯಿ. ಇದನ್ನು ಕೇಳದೆ ಒಪ್ಪಿಕೊಂಡರೆ ಲೆಕ್ಕ ಒಂದೂವರೆ ಪಟ್ಟಿಗೂ ಮಿಗಿಲಾಗುತ್ತದೆ. 2018ರ ಡಿಸೆಂಬರ್‌ನಲ್ಲಿ ನೇಪಾಳ ಸರ್ಕಾರವು 100 ರೂಪಾಯಿಗಿಂತ ಹೆಚ್ಚಿನ ಮುಖಬೆಲೆಯ ಭಾರತೀಯ ನೋಟುಗಳ ಚಲಾವಣೆಯನ್ನು ನಿಷೇಧಿಸಿತು. ಈ ವಿಷಯದಲ್ಲಿ ಎರಡೂ ದೇಶಗಳ ನಿಯಮಗಳು ಬದಲಾಗುತ್ತ ಬಂದಿರುವುದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳಬೇಕು. 100 ರೂಪಾಯಿಯ ನೋಟುಗಳನ್ನು ಒಯ್ಯುವವರಿಗೆ ತೊಂದರೆಯಿಲ್ಲ. 2024ರ ಮಾರ್ಚ್‌ನಿಂದ ನೇಪಾಳದ ಫೋನ್‌ಪೇ ಜಾಲದ ಅಂಗಡಿಗಳಲ್ಲಿ ಭಾರತದ ಯುಪಿಐ ಮೂಲಕ ಹಣ ಪಾವತಿಸುವ ಸೌಲಭ್ಯ ಬಂದಿದೆ. ಪೇಟೆಯಲ್ಲಿ ಇದು ಉಪಯುಕ್ತ. ಸ್ಯಾಬ್ರುಬೇಸಿ ದಾಟಿದ ಮೇಲೆ ನೆಚ್ಚಬಹುದಾದದ್ದು ನಗದು ಒಂದನ್ನೇ. ಇಡೀ ಚಾರಣಕ್ಕೆ ಸಾಕಾಗುವಷ್ಟು ನೇಪಾಳಿ ಹಣವನ್ನು, ಅದರ ಮೇಲೆ ಎರಡು ಮೂರು ದಿನದ ಹೆಚ್ಚುವರಿ ಖರ್ಚನ್ನು ಕಠ್ಮಂಡುವಿನಲ್ಲಿಯೇ ಸಿದ್ಧಪಡಿಸಿಕೊಳ್ಳಬೇಕು.

ಪರವಾನಗಿ ಮತ್ತು ಮಾರ್ಗದರ್ಶಿ

ರಾಷ್ಟ್ರೀಯ ಉದ್ಯಾನದ ಪ್ರವೇಶ ಶುಲ್ಕವು ಸಾರ್ಕ್ ದೇಶಗಳವರಿಗೆ 1,500 ನೇಪಾಳಿ ರೂಪಾಯಿ, ಇತರ ವಿದೇಶೀಯರಿಗೆ 3,000. ಚಾರಣಿಗರ ಮಾಹಿತಿ ಚೀಟಿ, ಅಂದರೆ ಜನರ ಬಾಯಲ್ಲಿ ‘ಟಿಮ್ಸ್’, ಸಾರ್ಕ್ ದೇಶಗಳವರಿಗೆ 1,000 ಮತ್ತು ಉಳಿದವರಿಗೆ 2,000. ಹೀಗೆ ಭಾರತೀಯನೊಬ್ಬನಿಗೆ ಎರಡೂ ಸೇರಿ 2,500 ನೇಪಾಳಿ ರೂಪಾಯಿ, ಭಾರತದ ಹಣದಲ್ಲಿ ಸುಮಾರು 1,560 ಆಗುತ್ತದೆ. ಈ ಅರ್ಧ ದರವು ತಾನಾಗಿ ಸಿಗುವುದಿಲ್ಲ. ಪೌರತ್ವದ ದಾಖಲೆ ತೋರಿಸಬೇಕು. ಕೆಲವು ದಲ್ಲಾಳಿಗಳು ವಿದೇಶೀಯರ ದರವನ್ನೇ ಹೇಳುವುದುಂಟಾದುದರಿಂದ ರಸೀದಿಯನ್ನು ಕೇಳಿ ಪಡೆಯಬೇಕು.

ನೇಪಾಳ ಪ್ರವಾಸೋದ್ಯಮ ಮಂಡಳಿಯು 2023ರ ಏಪ್ರಿಲ್ 1ರಿಂದ ವಿದೇಶೀ ಚಾರಣಿಗರು ಪರವಾನಗಿ ಪಡೆದ ಮಾರ್ಗದರ್ಶಿಯನ್ನು ನೋಂದಾಯಿತ ಸಂಸ್ಥೆಯ ಮೂಲಕ ಗೊತ್ತುಮಾಡಿಕೊಳ್ಳಬೇಕೆಂದು ನಿಯಮ ಮಾಡಿತು. ಭಾರತೀಯರು ಶುಲ್ಕದಲ್ಲಿ ರಿಯಾಯಿತಿ ಪಡೆದರೂ ಈ ನಿಯಮದ ಮಟ್ಟಿಗೆ ವಿದೇಶೀಯರೇ. ಇದು ಒಂಟಿಯಾಗಿ ಹೋಗುವವರ ಖರ್ಚನ್ನು ಏರಿಸಿದೆ ಎಂಬ ಆಕ್ಷೇಪವಿದೆ. ಮತ್ತೊಂದು ಕಡೆ, ಲಾಂಗ್‌ಟಾಂಗ್‌ನಂತಹ ಕಾಡುದಾರಿಗಳಲ್ಲಿ ಒಂಟಿ ಚಾರಣಿಗರು ಕಾಣೆಯಾದ ಪ್ರಕರಣಗಳು ಹಿಂದೆ ನಡೆದಿವೆ. ಮೂರು ನಾಲ್ಕು ಜನ ಕೂಡಿ ಒಬ್ಬ ಮಾರ್ಗದರ್ಶಿಯನ್ನು ಗೊತ್ತುಮಾಡಿಕೊಂಡರೆ ತಲಾ ಬೀಳುವ ಹೊರೆ ಹಗುರ.

ಹೊರೆಯಾಳನ್ನು ಗೊತ್ತುಮಾಡಿಕೊಂಡರೆ ಅವನಿಗೂ ವಿಮೆ, ಬೆಚ್ಚನೆಯ ಉಡುಪು, ಸರಿಯಾದ ಪಾದರಕ್ಷೆ ಇವೆಯೇ ಎಂದು ನೋಡುವುದು ಗೊತ್ತುಮಾಡಿದವರ ಕರ್ತವ್ಯ. ಇಬ್ಬರ ಚೀಲಗಳನ್ನು ಸೇರಿಸಿ ಒಬ್ಬನ ಬೆನ್ನಿಗೆ ಕಟ್ಟುವ ಪದ್ಧತಿಯಿದೆ. ಆಗಲೂ ಒಟ್ಟು ತೂಕ 20ರಿಂದ 25 ಕಿಲೋ ಮೀರದಂತೆ ನೋಡಿಕೊಳ್ಳಬೇಕು.

ಮಾರ್ಗ

ಕಠ್ಮಂಡುವಿನ ಮಾಛಾ ಪೋಖರಿ ಬಸ್ ನಿಲ್ದಾಣದಿಂದ ಬೆಳಿಗ್ಗೆ ಹೊರಡುವ ಬಸ್ಸು ತ್ರಿಶೂಲಿ, ಧುಂಚೆಗಳ ಮೂಲಕ ಸಂಜೆಯ ಹೊತ್ತಿಗೆ ಸ್ಯಾಬ್ರುಬೇಸಿ ತಲುಪುತ್ತದೆ. ದೂರ 120 ಕಿಲೋಮೀಟರಿನ ಆಸುಪಾಸು. ಆದರೆ ಏಳರಿಂದ ಒಂಬತ್ತು ಗಂಟೆ ಹಿಡಿಯುತ್ತದೆ. ದೂರವನ್ನು ನೋಡಿ ಕಾಲವನ್ನು ಅಳೆಯುವ ಬಯಲುಸೀಮೆಯ ರೂಢಿ ಇಲ್ಲಿ ನಡೆಯದು. ಧುಂಚೆಯ ಬಳಿ ಪರವಾನಗಿ ತಪಾಸಣೆ ಇರುತ್ತದೆ.

ಸ್ಯಾಬ್ರುಬೇಸಿ ಸುಮಾರು 1,500 ಮೀಟರ್ ಎತ್ತರದಲ್ಲಿದೆ. ಎಂದರೆ ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಗಿಂತಲೂ (ಸುಮಾರು 1,930 ಮೀಟರ್) ತಗ್ಗಿನಲ್ಲಿ ಚಾರಣ ಆರಂಭವಾಗುತ್ತದೆ. ಮೊದಲ ದಿನದ ಸಂಜೆ ತಲುಪುವ ಲಾಮಾ ಹೋಟೆಲ್ (ಇದು ಹೋಟೆಲಲ್ಲ, ಕಾಡಿನ ನಡುವಿನ ನೆಲೆಯ ಹೆಸರು) 2,400 ಮೀಟರ್ ಮೀರಿದ್ದು, ಅಷ್ಟರಲ್ಲಿ ಮುಳ್ಳಯ್ಯನಗಿರಿ ಕಾಲ ಕೆಳಗೆ ಉಳಿದಿರುತ್ತದೆ. ದಾರಿ ನದಿಯ ಬದಿಯಲ್ಲಿ ದಟ್ಟ ಕಾಡಿನೊಳಗೆ ಏರುತ್ತ ಹೋಗುತ್ತದೆ. ಎರಡನೆಯ ದಿನ ಘೋಡಾ ತಬೇಲಾ ಬಳಿ ಸುಮಾರು 3,000 ಮೀಟರಿನಲ್ಲಿ ಕಾಡು ತೆರವಾಗಿ ಕಣಿವೆ ಅಗಲವಾಗುತ್ತದೆ. ಮುಂದೆ ಥಾಂಗ್‌ಶ್ಯಾಪ್, ಅದರಾಚೆ ಕಲ್ಲುರಾಶಿಯನ್ನು ದಾಟಿದರೆ 3,430 ಮೀಟರ್ ಎತ್ತರದ ಲಾಂಗ್‌ಟಾಂಗ್ ಗ್ರಾಮ. ಅಲ್ಲಿಂದ ಕ್ಯಾಂಜಿನ್ ಗೊಂಪಾಕ್ಕೆ ಮೂರು ಗಂಟೆಯ ನಡಿಗೆ. ಈ ಭಾಗದಲ್ಲಿ ಮಂತ್ರ ಕೆತ್ತಿದ ಕಲ್ಲುಗಳ ಉದ್ದುದ್ದ ಮಣಿ ಗೋಡೆಗಳಿವೆ. ಅವನ್ನು ಬಲಕ್ಕಿಟ್ಟುಕೊಂಡು, ಅಂದರೆ ದೇವಸ್ಥಾನದ ಪ್ರದಕ್ಷಿಣೆಯ ಕ್ರಮದಲ್ಲೇ, ದಾಟುವುದು ವಾಡಿಕೆ.

ಕ್ಯಾಂಜಿನ್‌ನಲ್ಲಿ ಕನಿಷ್ಠ ಎರಡು ರಾತ್ರಿ, ಸಾಧ್ಯವಾದರೆ ಮೂರು ರಾತ್ರಿ ತಂಗಬೇಕು. ಊರಿನ ಹಿಂದೆಯೇ ಏರುವ ಕ್ಯಾಂಜಿನ್ ರಿ ಗುಡ್ಡದ ಕೆಳನೆತ್ತಿಯನ್ನು ಎರಡು ಗಂಟೆಗಳಲ್ಲಿ ತಲುಪಬಹುದು. 7,200 ಮೀಟರಿಗೂ ಎತ್ತರದ ಲಾಂಗ್‌ಟಾಂಗ್ ಲಿರುಂಗ್ ಮತ್ತು ಅದರ ಹಿಮನದಿ ಅಲ್ಲಿಂದ ಅಂಗೈಯಷ್ಟು ಹತ್ತಿರದಲ್ಲಿ ಕಾಣುತ್ತವೆ. ಸುಮಾರು 5,000 ಮೀಟರಿನ ಚೆರ್ಕೋ ರಿ ಪೂರ್ಣ ದಿನದ, ಕಷ್ಟದ ಏರು. ಚೆರ್ಕೋ ರಿ ಏರದೆ ಹಿಂತಿರುಗಿದರೆ ಚಾರಣ ಅಪೂರ್ಣವಾಯಿತೆಂದು ಭಾವಿಸುವುದಕ್ಕೆ ಕಾರಣವಿಲ್ಲ. ಕಣಿವೆಯ ಸೊಬಗಿನ ಬಹುಪಾಲು ಕ್ಯಾಂಜಿನ್‌ನ ಅಂಗಳದಿಂದಲೇ ಕಾಣುತ್ತದೆ. ಇಳಿಯುವುದಕ್ಕೆ ಎರಡು ದಿನ ಸಾಕು. ಮಂಡಿಯ ನೋವು ತೋರುವುದು ಆಗಲೇ, ಏರುವಾಗ ಅಲ್ಲ. ಊರುಗೋಲು ಎರಡಿದ್ದರೆ ಉತ್ತಮ.

ಎತ್ತರದ ಕಾಯಿಲೆ

ಈ ಚಾರಣದ ದೊಡ್ಡ ಅಪಾಯ ಪ್ರಪಾತವಲ್ಲ, ಎತ್ತರ. ಕ್ಯಾಂಜಿನ್‌ನಲ್ಲಿ ಉಸಿರಿಗೆ ದೊರೆಯುವ ಆಮ್ಲಜನಕ ಸಮುದ್ರಮಟ್ಟದ ಮೂರನೆಯ ಎರಡು ಭಾಗಕ್ಕಿಂತ ತುಸು ಕಡಿಮೆ. ತಲೆನೋವು, ವಾಕರಿಕೆ, ಹಸಿವಿಲ್ಲದಿರುವುದು, ನಿದ್ರೆ ಬಾರದಿರುವುದು ಮೊದಲ ಲಕ್ಷಣಗಳು. ಇವನ್ನು ಅಲಕ್ಷಿಸಿ ಇನ್ನೂ ಮೇಲೇರಿದರೆ ಶ್ವಾಸಕೋಶದಲ್ಲಿ ನೀರು ತುಂಬುವ ಅಥವಾ ಮೆದುಳು ಬಾಯುವ ಸ್ಥಿತಿ ಉಂಟಾಗಿ, ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ವಿಶ್ರಾಂತಿಯಲ್ಲೂ ಏದುಸಿರು, ನೊರೆಗಫ, ನೇರ ಗೆರೆಯಲ್ಲಿ ನಡೆಯಲಾಗದಿರುವುದು, ಮಾತು ತೊದಲುವುದು ಕಂಡರೆ ರಾತ್ರಿಯೇ ಆಗಿರಲಿ, ಕೂಡಲೇ ಕೆಳಕ್ಕಿಳಿಸಬೇಕು. ರೋಗಿಯನ್ನು ಒಬ್ಬನೇ ಕಳುಹಿಸಬಾರದು.

ಪರ್ವತ ವೈದ್ಯರು ಹೇಳುವ ನಿಯಮವೆಂದರೆ, 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವು ಒಂದು ರಾತ್ರಿಯಿಂದ ಮತ್ತೊಂದಕ್ಕೆ 500 ಮೀಟರಿಗಿಂತ ಹೆಚ್ಚಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ತಂಗಬೇಕು. ರೂಢಿಯ ಕಾರ್ಯಕ್ರಮದಲ್ಲಿ ಲಾಮಾ ಹೋಟೆಲ್‌ನಿಂದ ಒಂದೇ ದಿನದಲ್ಲಿ ಲಾಂಗ್‌ಟಾಂಗ್ ಗ್ರಾಮಕ್ಕೆ ಹೋಗುತ್ತಾರೆ. ಇದು ಸುಮಾರು 950 ಮೀಟರಿನ ಏರಿಕೆ. ದಿನ ಉಳಿಸುವ ಕಾರ್ಯಕ್ರಮಗಳ ದೋಷ ಇರುವುದು ಇಲ್ಲಿಯೇ. ಘೋಡಾ ತಬೇಲಾ ಅಥವಾ ಥಾಂಗ್‌ಶ್ಯಾಪ್‌ನಲ್ಲಿ ಒಂದು ರಾತ್ರಿ ತಂಗಿದರೆ ಈ ಜಿಗಿತ ಎರಡಾಗಿ ಒಡೆಯುತ್ತದೆ. ಹೆಚ್ಚುವರಿ ಖರ್ಚು ಭಾರತದ ಹಣದಲ್ಲಿ ಎರಡು ಸಾವಿರದಷ್ಟು, ಮಾರ್ಗದರ್ಶಿಯ ದಿನಗೂಲಿ ಬೇರೆ. ದಖನಿನ ಬಯಲಿನಿಂದ ಬಂದವರು, ಅದರಲ್ಲೂ ಐವತ್ತು ದಾಟಿದವರು, ಈ ರಾತ್ರಿಯನ್ನು ಬಿಡಬಾರದು.

ಅಸೆಟಜೋಲಮೈಡ್ ಎಂಬ ಮಾತ್ರೆಯನ್ನು (ಡಯಾಮಾಕ್ಸ್ ಎಂಬ ಹೆಸರಿನಲ್ಲಿ ಪರಿಚಿತ) ಮುನ್ನೆಚ್ಚರಿಕೆಯಾಗಿ ತೆಗೆದುಕೊಳ್ಳುವವರಿದ್ದಾರೆ. ಅದು ದೇಹವು ಹೊಂದಿಕೊಳ್ಳಲು ನೆರವಾಗುತ್ತದೆಯೇ ಹೊರತು ಅವಸರದ ಏರಿಕೆಗೆ ಪರವಾನಗಿಯಲ್ಲ. ಸಲ್ಫಾ ಔಷಧಗಳು ಒಗ್ಗದವರು, ರಕ್ತದೊತ್ತಡ, ಮಧುಮೇಹ, ಹೃದಯದ ತೊಂದರೆಗಳಿಗೆ ಔಷಧ ಸೇವಿಸುವವರು ಮೊದಲೇ ವೈದ್ಯರನ್ನು ಕಾಣಬೇಕು. ಮೂರು ತಿಂಗಳ ಮುಂಚಿನಿಂದ ದಿನವೂ ನಡಿಗೆ, ವಾರಕ್ಕೊಮ್ಮೆ ಬೆನ್ನಿಗೆ ಚೀಲ ಹೊತ್ತು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿನಂತಹ ಏರು, ಕುಮಾರಪರ್ವತದಂತಹ ಪೂರ್ಣ ದಿನದ ಚಾರಣ ಇವು ಕಾಲಿಗೆ ಒಳ್ಳೆಯ ತಯಾರಿ. ಆದರೆ ಎತ್ತರಕ್ಕೆ ಇವು ತಯಾರಿಯಲ್ಲ. ಕುಮಾರಪರ್ವತವನ್ನು ಓಡುತ್ತ ಏರುವ ತರುಣನಿಗೂ 3,500 ಮೀಟರಿನಲ್ಲಿ ಕಾಯಿಲೆ ಬರಬಹುದು. ಬಲಶಾಲಿಗಳು ಬೇಗ ಬೇಗ ಏರುವುದರಿಂದ ಅವರಿಗೇ ಮೊದಲು ಬರುವುದೂ ಉಂಟು.

ಹೆಲಿಕಾಪ್ಟರ್ ರಕ್ಷಣೆಯನ್ನು ಒಳಗೊಂಡ, 5,000 ಮೀಟರ್‌ವರೆಗೆ ಅನ್ವಯಿಸುವ ಪ್ರವಾಸ ವಿಮೆ ಅಗತ್ಯ. ಎಷ್ಟೋ ಸಾಮಾನ್ಯ ವಿಮೆಗಳಲ್ಲಿ ಎತ್ತರದ ಚಾರಣವನ್ನು ಹೊರಗಿಟ್ಟಿರುತ್ತಾರೆ, ಷರತ್ತನ್ನು ಓದಬೇಕು. ಸಣ್ಣ ತಲೆನೋವಿಗೂ ಹೆಲಿಕಾಪ್ಟರ್ ಕರೆಸಿ ವಿಮೆಯ ಹಣ ಲಪಟಾಯಿಸುವ ಜಾಲವೊಂದು 2018ರಲ್ಲಿ ನೇಪಾಳದಲ್ಲಿ ಬಯಲಾಗಿತ್ತು. ಮಾರುಕಟ್ಟೆಗಿಂತ ತೀರ ಅಗ್ಗವಾಗಿ ಚಾರಣ ಮಾಡಿಸುತ್ತೇವೆನ್ನುವವರ ಬಗೆಗೆ ಎಚ್ಚರ ಬೇಕಾದುದು ಇದರಿಂದಲೂ ತಿಳಿಯುತ್ತದೆ.

ಕಾಲ ಮತ್ತು ಹವೆ

ಮಾರ್ಚ್‌ನಿಂದ ಮೇ, ಅಕ್ಟೋಬರ್‌ನಿಂದ ನವೆಂಬರ್ ಉತ್ತಮ ಕಾಲ. ಮಳೆಗಾಲದಲ್ಲಿ ರಸ್ತೆ ಕುಸಿತ ಸಾಮಾನ್ಯ. ಕಾಡಿನಲ್ಲಿ ಇಂಬಳದ ಕಾಟ ಮಲೆನಾಡಿಗೇನೂ ಕಡಿಮೆಯಿಲ್ಲ. ಚಳಿಗಾಲದಲ್ಲಿ ಕ್ಯಾಂಜಿನ್‌ನ ಹಲವು ವಸತಿಗೃಹಗಳು ಮುಚ್ಚಿರುತ್ತವೆ. ಕರ್ನಾಟಕದ ದಸರಾ ರಜೆ ಚಾರಣಕ್ಕೆ ಹದವಾದ ಕಾಲದಲ್ಲೇ ಬರುತ್ತದೆ. ಆದರೆ ನೇಪಾಳದ ಅತಿ ದೊಡ್ಡ ಹಬ್ಬವಾದ ದಶೈಂ ಕೂಡ ಅದೇ. ಆಗ ಊರಿಗೆ ಹೋಗುವ ಜನರಿಂದ ಬಸ್ಸುಗಳು ತುಂಬಿ, ಕಚೇರಿಗಳು ಮುಚ್ಚಿರುತ್ತವೆ. ಶಾಲೆಯ ರಜೆಯನ್ನೇ ನೆಚ್ಚಿದವರು ಬಸ್ಸಿನ ಆಸನವನ್ನು ಮುಂಗಡವಾಗಿ ಕಾದಿರಿಸಬೇಕು.

ಒಳ್ಳೆಯ ಕಾಲದಲ್ಲೂ ಹವೆಯನ್ನು ನಂಬಲಾಗದು. 2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣವನ್ನು ಅಪ್ಪಳಿಸಿದ ಹುಡ್‌ಹುಡ್ ಚಂಡಮಾರುತದ ಶೇಷವು ಎರಡು ದಿನಗಳ ಬಳಿಕ ಅನ್ನಪೂರ್ಣ ಪ್ರದೇಶದಲ್ಲಿ ಹಿಮಬಿರುಗಾಳಿಯಾಗಿ ನಲವತ್ತಕ್ಕೂ ಹೆಚ್ಚು ಮಂದಿಯನ್ನು ಬಲಿತೆಗೆದುಕೊಂಡಿತು. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತವೆದ್ದ ಸುದ್ದಿ ಬಂದರೆ ನೇಪಾಳದಲ್ಲಿರುವ ಚಾರಣಿಗನೂ ಕಿವಿಗೊಡಬೇಕು. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣದಲ್ಲಿ ಕರ್ನಾಟಕದಿಂದ ಹೋದ ತಂಡವೊಂದು ಇದ್ದಕ್ಕಿದ್ದಂತೆ ಎದ್ದ ಹಿಮಗಾಳಿಗೆ ಸಿಕ್ಕಿ ಒಂಬತ್ತು ಮಂದಿ ಅಸುನೀಗಿದರು. ಲಾಂಗ್‌ಟಾಂಗ್‌ನ ಮುಖ್ಯ ದಾರಿಯಲ್ಲಿ ವಸತಿಗೃಹಗಳು ಹತ್ತಿರವಿರುವುದರಿಂದ ಆಶ್ರಯ ಬೇಗ ದೊರೆಯುತ್ತದೆ. ಚೆರ್ಕೋ ರಿ ನೆತ್ತಿಯಲ್ಲಿ ಆ ಅನುಕೂಲವಿಲ್ಲ. ಮಧ್ಯಾಹ್ನದ ಮೇಲೆ ಮೋಡ ಕವಿಯುವುದರಿಂದ ಅಲ್ಲಿಗೆ ನಸುಕಿನಲ್ಲೇ ಹೊರಡಬೇಕು.

ಊಟ, ವಸತಿ ಮತ್ತು ಒಟ್ಟು ಖರ್ಚು

ವಸತಿಗೃಹಗಳಲ್ಲಿ ಎರಡು ಹಾಸಿಗೆಯ ಮರದ ಕೋಣೆಗಳಿರುತ್ತವೆ. ಒಲೆ ಉರಿಯುವುದು ಊಟದ ಮನೆಯಲ್ಲಿ ಮಾತ್ರ. ಕೋಣೆಯ ಬಾಡಿಗೆ ಕಡಿಮೆ. ಅದಕ್ಕೆ ಪ್ರತಿಯಾಗಿ ರಾತ್ರಿಯ ಊಟ ಮತ್ತು ಬೆಳಗಿನ ತಿಂಡಿಯನ್ನು ಅಲ್ಲಿಯೇ ಮಾಡಬೇಕೆಂಬುದು ಅಲಿಖಿತ ಒಪ್ಪಂದ. ದಾಲ್–ಭಾತ್, ಅಂದರೆ ಅನ್ನ, ಬೇಳೆ, ಪಲ್ಯ, ಉಪ್ಪಿನಕಾಯಿ, ಕೇಳಿದಷ್ಟು ಸಲ ಮತ್ತೆ ಬಡಿಸುತ್ತಾರೆ. ಹೊಟ್ಟೆಗೂ ಕಿಸೆಗೂ ಹಿತವಾದ ಊಟ ಇದೊಂದೇ. ಸಸ್ಯಾಹಾರಿಗಳಿಗೆ ಯಾವ ಅಡಚಣೆಯೂ ಇಲ್ಲ. ಎತ್ತರಕ್ಕೆ ಹೋದಂತೆ ಬೆಲೆ ಏರುತ್ತದೆ, ಏಕೆಂದರೆ ಪ್ರತಿ ಅಕ್ಕಿ ಮೂಟೆಯೂ ಹೇಸರಗತ್ತೆಯ ಅಥವಾ ಮನುಷ್ಯನ ಬೆನ್ನಿನ ಮೇಲೆ ಬಂದಿರುತ್ತದೆ. ಸ್ನಾನದ ಬಿಸಿನೀರು, ಮೊಬೈಲ್‌ಗೆ ವಿದ್ಯುತ್ ತುಂಬಿಸುವುದು, ಅಂತರಜಾಲ ಇವುಗಳಿಗೆ ಬೇರೆ ಬೇರೆ ದರ. ಬಾಟಲಿ ನೀರನ್ನು ಕೊಳ್ಳುವುದಕ್ಕಿಂತ ಕ್ಲೋರಿನ್ ಮಾತ್ರೆ ಹಾಕಿದ ನೀರು ಅಗ್ಗ. ಕಣಿವೆಯಲ್ಲಿ ಕಸವೂ ಉಳಿಯುವುದಿಲ್ಲ. ದಪ್ಪ ಜಾಕೆಟ್ ಮತ್ತು ಮಲಗುವ ಚೀಲವನ್ನು ಕಠ್ಮಂಡುವಿನ ಥಮೇಲ್‌ನಲ್ಲಿ ಬಾಡಿಗೆಗೆ ಪಡೆಯಬಹುದು. ಬೂಟನ್ನು ಮಾತ್ರ ಬಾಡಿಗೆಗೆ ತರಬಾರದು, ಹೊಸದಾಗಿ ಕೊಂಡು ನೇರವಾಗಿ ತೊಡಲೂ ಬಾರದು; ಊರಿನಲ್ಲಿ ತಿಂಗಳು ಕಾಲ ಹಾಕಿ ಪಳಗಿಸಿದ ಬೂಟೇ ಬೇಕು.

ಕಠ್ಮಂಡುವಿನಿಂದ ಹೊರಟು ಮರಳುವವರೆಗೆ ಹತ್ತು ದಿನ, ಒಂಬತ್ತು ರಾತ್ರಿ ಎಂದಿಟ್ಟುಕೊಂಡರೆ ಅಂದಾಜು ಲೆಕ್ಕ ಹೀಗೆ. ಊಟ ವಸತಿಗೆ ದಿನಕ್ಕೆ 2,500ರಿಂದ 3,500 ನೇಪಾಳಿ ರೂಪಾಯಿಯಂತೆ ಭಾರತದ ಹಣದಲ್ಲಿ 14,000ದಿಂದ 20,000. ಪರವಾನಗಿಗೆ 1,560. ಹೋಗಿಬರುವ ಬಸ್ಸಿಗೆ 1,200ರಿಂದ 1,500. ಮಾರ್ಗದರ್ಶಿಗೆ ದಿನಕ್ಕೆ 3,000ದಿಂದ 4,000 ನೇಪಾಳಿ ರೂಪಾಯಿಯಂತೆ ಹತ್ತು ದಿನಕ್ಕೆ ಭಾರತದ 18,750ರಿಂದ 25,000. ನಾಲ್ವರು ಹಂಚಿಕೊಂಡರೆ ತಲಾ 4,700ರಿಂದ 6,250. ಹೀಗೆ ನಾಲ್ವರ ತಂಡದಲ್ಲಿ ತಲಾ ಸುಮಾರು 22,000ದಿಂದ 29,000, ಒಂಟಿಯಾಗಿ ಹೋದರೆ 35,000ದಿಂದ 48,000 ರೂಪಾಯಿ ಬೀಳುತ್ತದೆ. ಊರಿನಿಂದ ಕಠ್ಮಂಡುವಿನ ಪ್ರಯಾಣ, ವಿಮೆ, ಮಾರ್ಗದರ್ಶಿಗೆ ಕೊನೆಯಲ್ಲಿ ಕೊಡುವ ಭಕ್ಷೀಸು ಇದರಲ್ಲಿ ಸೇರಿಲ್ಲ. ಕಡಿಮೆ ಮಾಡಲು ಅವಕಾಶವಿರುವುದು ಪ್ರಯಾಣದಲ್ಲಿ, ಬಾಡಿಗೆ ಉಡುಪಿನಲ್ಲಿ, ತಂಡದ ಸಂಖ್ಯೆಯಲ್ಲಿ. ರಾತ್ರಿಗಳ ಸಂಖ್ಯೆಯಲ್ಲಿ, ವಿಮೆಯಲ್ಲಿ, ಕೂಲಿಯಲ್ಲಿ ಅಲ್ಲ.

ಗೋಸಾಯಿಕುಂಡಕ್ಕೆ ವಿಸ್ತರಣೆ

ದಿನಗಳಿರುವವರು ಇಳಿಯುವಾಗ ಥುಲೋ ಸ್ಯಾಬ್ರು ಕಡೆಗೆ ತಿರುಗಿ ಚಂದನಬಾರಿಯ ಮೂಲಕ 4,380 ಮೀಟರ್ ಎತ್ತರದ ಗೋಸಾಯಿಕುಂಡ ಸರೋವರಕ್ಕೆ ಹೋಗಬಹುದು. ಹಾಲಾಹಲವನ್ನು ಕುಡಿದ ಶಿವನು ಗಂಟಲಿನ ಉರಿಯನ್ನು ತಣಿಸಿಕೊಳ್ಳಲು ತ್ರಿಶೂಲದಿಂದ ಬೆಟ್ಟವನ್ನು ಚುಚ್ಚಿ ನೀರು ಹರಿಸಿದನೆಂದು ಸ್ಥಳಪುರಾಣ. ತ್ರಿಶೂಲಿ ನದಿಯ ಹೆಸರಿಗೂ ಇದೇ ಕಾರಣ ಹೇಳುತ್ತಾರೆ. ಕನ್ನಡನಾಡಿನಲ್ಲಿ ನೂಲು ಹುಣ್ಣಿಮೆ ಎಂದು ಆಚರಿಸುವ ಶ್ರಾವಣ ಪೂರ್ಣಿಮೆಯಂದು ಅಲ್ಲಿ ಜನೈ ಪೂರ್ಣಿಮೆಯ ಜಾತ್ರೆ ನಡೆದು ಸಾವಿರಾರು ಯಾತ್ರಿಕರು ಸ್ನಾನಕ್ಕೆ ಬರುತ್ತಾರೆ. ತಗ್ಗಿನಿಂದ ಎರಡೇ ದಿನಗಳಲ್ಲಿ ಮೇಲೇರುವ ಈ ಯಾತ್ರಿಕರಲ್ಲಿ ಅನೇಕರು ಎತ್ತರದ ಕಾಯಿಲೆಗೆ ತುತ್ತಾಗುತ್ತಾರೆ. ಕ್ಯಾಂಜಿನ್‌ನಲ್ಲಿ ರಾತ್ರಿಗಳನ್ನು ಕಳೆದು ಬಂದವರಿಗೆ ಆ ಭಯ ಕಡಿಮೆ. ಸರೋವರದಿಂದ 4,610 ಮೀಟರಿನ ಲೌರಿಬಿನಾ ಕಣಿವೆಮಾರ್ಗವನ್ನು ದಾಟಿ ಹೆಲಂಬು ಪ್ರದೇಶದ ಮೂಲಕ ನಾಲ್ಕೈದು ದಿನ ನಡೆದರೆ ಸುಂದರಿಜಲ್ ಸಿಗುತ್ತದೆ. ಅಲ್ಲಿಂದ ಕಠ್ಮಂಡುವಿಗೆ ನಗರದ ಬಸ್ಸಿದೆ.